ಅಂತರಪಟದ ಕೆಳಗಿನಿಂದ

ನಾನು ಕುಳ್ಳಿ. ಚಾಮರಾಜಪೇಟೆಯ ಫೋಟೊ ಸ್ಟುಡಿಯೊ ಒಂದರಲ್ಲಿ ಕೆಲಸಕ್ಕೆ ಸೇರಿದಾಗ ಮಾಲೀಕರು ನನ್ನನ್ನೊಮ್ಮೆ ನೋಡಿ, ಪಾಸ್‌ಪೋರ್ಟ್ ಫೋಟೊ ತೆಗೆಯುವುದಕ್ಕೆ ಹಾಕಿದರು. ವರ್ಷಗಟ್ಟಲೆ "ಗದ್ದ ಸ್ವಲ್ಪ ಇಳಿಸಿ" ಎನ್ನುತ್ತ ಕಳೆದೆ. ಮದುವೆ ಫೋಟೊ ಎತ್ತರದವರ ಕೆಲಸ, ಜನರ ತಲೆಯ ಮೇಲಿಂದ ಕ್ಯಾಮೆರಾ ಹಿಡಿಯಬೇಕು ಎಂಬುದು ಅವರ ಸಿದ್ಧಾಂತ. ಕೆಳಗಿನಿಂದ ತೆಗೆದರೆ ಮೂಗಿನ ಹೊಳ್ಳೆ ಬಿಟ್ಟು ಬೇರೇನೂ ಕಾಣುವುದಿಲ್ಲವಂತೆ. ನಾನು ದುಂಬಾಲು ಬಿದ್ದ ಮೇಲೆ ಬಸವನಗುಡಿಯ ಒಂದು ಮದುವೆಗೆ ಕಳಿಸಲು ಒಪ್ಪಿದರು.

"ಜೀರಿಗೆ ಬೆಲ್ಲದ ಫೋಟೊ ಮಿಸ್ಸಾದ್ರೆ ಮತ್ತೆ ಪಾಸ್‌ಪೋರ್ಟ್‌ಗೇ ಬರ್ತೀಯ. ಆಮೇಲೆ ನನ್ನ ಕೇಳ್ಬೇಡ," ಎಂದರು.

ಮುಹೂರ್ತದ ಹೊತ್ತಿಗೆ ಮದುಮಗ ಮದುಮಗಳ ನಡುವೆ ಅಂತರಪಟ ಹಿಡಿದರು. ಅದು ಸರಿದ ಕೂಡಲೇ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ. ಅಷ್ಟರಲ್ಲಿ ಫೋಟೊ ಸಿಗಬೇಕು. ಆದರೆ ಮಂಟಪದ ತುಂಬ ನೆಂಟರು. ಮುಂದೆ ವಿಡಿಯೊದ ಹುಡುಗರಿಬ್ಬರು, ತೆಂಗಿನ ಮರಗಳ ಹಾಗೆ. ಕ್ಯಾಮೆರಾ ಎತ್ತಿ ಒಂದು ತೆಗೆದೆ. ಯಾರದೋ ಬೋಳು ತಲೆ, ಸುತ್ತ ಫೋನ್ ಹಿಡಿದ ಕೈಗಳು.

"ಸ್ವಲ್ಪ ಸರೀತೀರಾ?" ಎಂದೆ.

"ಸ್ಟೂಲ್ ತರಿಸ್ಲಾ ಮೇಡಂ?" ಎಂದ ಒಬ್ಬ. ಇನ್ನೊಬ್ಬ ಕಿಸಕ್ಕನೆ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ಮಂಗಳಾಷ್ಟಕ ಆಗಲೇ ಶುರುವಾಗಿತ್ತು. ಮೇಲೆ ಜಾಗವಿರಲಿಲ್ಲ, ಕೆಳಗೆ ಬೇಕಾದಷ್ಟಿತ್ತು. ಸೀರೆ ಪಂಚೆಗಳ ನಡುವೆ ತೂರಿಕೊಂಡು ಹೋಗಿ, ಮದುಮಕ್ಕಳ ಕಾಲ ಬುಡದಲ್ಲಿ, ಬಟ್ಟೆಯ ನೇರಕ್ಕೆ ಕೂತೇಬಿಟ್ಟೆ.

"ಏನಮ್ಮಾ ಇದು, ಏಳು ಮೇಲೆ," ಎಂದು ಪುರೋಹಿತರು ಮಂತ್ರ ನಿಲ್ಲಿಸಿ ಗದರಿದರು.

"ಒಂದೇ ನಿಮಿಷ ಸ್ವಾಮಿ."

ಅವರು ಗದರಿದ್ದೇ ಒಳ್ಳೆಯದಾಯಿತು. ಏನಾಯಿತೆಂದು ಮದುಮಗಳು ಬಗ್ಗಿ ನೋಡಿದಳು. ಬಟ್ಟೆಯ ಆಚೆಯಿಂದ ಮದುಮಗನೂ ಬಗ್ಗಿದ. ಒಬ್ಬರಿಗೊಬ್ಬರು ಕಾಣದೆಯೇ, ಇಬ್ಬರೂ ನನ್ನ ಅವತಾರ ನೋಡಿ ಒಟ್ಟಿಗೆ ನಕ್ಕರು. ಮುಖ ಬಗ್ಗಿಸಿದ್ದರಿಂದ ಹೊಳ್ಳೆಗಳ ಸುದ್ದಿಯೇ ಇರಲಿಲ್ಲ. ನಡುವೆ ಬಟ್ಟೆ, ಎರಡೂ ಕಡೆ ನಗು, ಮೇಲೆ ಮಂಟಪದ ಹೂವು. ಬಟನ್ ಒತ್ತಿದೆ. ಬಟ್ಟೆ ಸರಿಯಿತು, ಗಟ್ಟಿಮೇಳ ಮೊಳಗಿತು, ಅಕ್ಷತೆ ನನ್ನ ಮೇಲೂ ಬಿತ್ತು. ಜೀರಿಗೆ ಬೆಲ್ಲ ಹಿಡಿದ ಕೈಗಳು ಒಂದರ ಮೇಲೊಂದು ಏರುವುದನ್ನೂ ಅಲ್ಲಿಂದಲೇ ತೆಗೆದೆ.

ಮರುದಿನ ಮಾಲೀಕರು ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಬಟ್ಟೆ ಸರಿದಾಗ ನೆಂಟರೆಲ್ಲ ಅಕ್ಷತೆ ಹಾಕಲು ಮುಂದೆ ನುಗ್ಗಿದ್ದರಿಂದ ವಿಡಿಯೊದಲ್ಲಿ ಸಿಕ್ಕಿದ್ದು ಅವರ ಬೆನ್ನು, ಎತ್ತಿದ ಕೈಗಳು ಮಾತ್ರ.

"ಆಲ್ಬಮ್ ಕವರ್‌ಗೆ ಇದೇ ಇರ್ಲಿ," ಎಂದರು. "ಮುಂದಿನ ವಾರ ಮಲ್ಲೇಶ್ವರದ ಮದುವೆಗೂ ನೀನೇ ಹೋಗು."

ಸರಿ ಸಾರ್ ಎಂದು ಗಂಭೀರವಾಗಿ ಹೇಳಿದೆ. ಒಳಗೊಳಗೇ ಕುಣಿಯುತ್ತಿದ್ದೆ. ನನ್ನ ಎತ್ತರದ ಬಗ್ಗೆ ನನಗೆ ಹೆಮ್ಮೆಯಾದದ್ದು ಅದೇ ಮೊದಲು.

ಮಲ್ಲೇಶ್ವರಕ್ಕೆ ಅದೇ ವಿಡಿಯೊ ಹುಡುಗರು ಬಂದಿದ್ದರು. ಅಂತರಪಟ ಹಿಡಿಯುವ ಮುಂಚೆ ಅವರಲ್ಲೊಬ್ಬ ನನ್ನ ಹತ್ತಿರ ಬಂದ.

"ಮೇಡಂ, ನಾವೆಲ್ಲಿ ನಿಲ್ಲೋಣ?"

ಗೋಡೆಯ ಕಡೆ ತೋರಿಸಿದೆ. ಹೋಗಿ ನಿಂತರು.