ಹಾಳೆಯಡಿಯ ನೀರು

ನವಿ ಮುಂಬಯಿಯ ಐರೋಲಿಯ ಒಂದು ಗೋಡೌನಿನಲ್ಲಿ ಧೂಳೇಳುತ್ತಿದ್ದ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಎಂಬ ಗಟ್ಟಿ ಲೇಪ ಬಳಿಯುವ ಕೆಲಸ ಹಿಡಿದಿದ್ದೆ. ನೆಲದಲ್ಲಿ ತೇವವಿದ್ದರೆ ಬಳಿದದ್ದೆಲ್ಲ ಹಪ್ಪಳದಂತೆ ಏಳುತ್ತದೆ. ತೇವ ಇದೆಯೋ ಎಂದು ನೋಡಲು ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಟೇಪು ಹಾಕಿ ಅಂಟಿಸಿ ಹೋದೆ. ಮರುದಿನ ಬಂದರೆ ಅದರಡಿ ಒಂದು ಹನಿಯೂ ಇಲ್ಲ. ಖುಷಿಯಿಂದ ಡಬ್ಬ ತೆರೆದು ಎಪಾಕ್ಸಿ ಕಲಸಿದೆ; ಒಮ್ಮೆ ಕಲಸಿದರೆ ಬೇಗ ಬಳಿಯಬೇಕು, ಇಲ್ಲವಾದರೆ ಗಟ್ಟಿಯಾಗಿಬಿಡುತ್ತದೆ.

ಅಷ್ಟರಲ್ಲಿ ಅಲ್ಲಿ ಕಸ ಗುಡಿಸುವ ಕಲಬುರಗಿಯ ಮಲ್ಲಮ್ಮ ಬಂದು, "ಅಣ್ಣಾರ, ಮುಂಜಾನಿ ಹಾಳಿ ತಳಗ ನೀರು ನಿಂತಿತ್ರಿ. ನಿಮಗ್ಯಾಕ ತ್ರಾಸ ಅಂತ ನಾನೇ ಒರಿಸಿ ಮತ್ತ ಅಂಟಿಸೀನಿ," ಎಂದಳು.

"ಅಯ್ಯೋ ಮಾರಾಯ್ತಿ, ಆ ನೀರು ನೋಡ್ಲಿಕ್ಕೇ ನಾನು ಬಂದದ್ದು!"

"ನೀರು ನೋಡೂದಿದ್ರ ಹೊರಗ ಸಮುದ್ರದ ಖಾಡಿ ಐತಲ್ರಿ."

ಕಲಸಿದ ಎಪಾಕ್ಸಿ ಬಕೆಟಿನಲ್ಲೇ ಕಲ್ಲಾಯಿತು. ಬೈಯೋಣವೆಂದರೆ, ಅವಳು ಬಾಯಿ ಬಿಡದಿದ್ದರೆ ಇಡೀ ನೆಲದ ಜೊತೆ ನನ್ನ ಮರ್ಯಾದೆಯೂ ಎದ್ದು ಬರುತ್ತಿತ್ತು.