ನಿದಿಯಾ ಕಾಯುವ ದೊಡ್ಡಿ

ಬೆಳಗಿನ ಐದು ಗಂಟೆಗೆ ಅಸುನ್ಸಿಯೋನ್ ನಗರದ ಸಹೋನಿಯಾ ಬಡಾವಣೆಯಲ್ಲಿ ನಾಯಿಗಳೂ ಎದ್ದಿರುವುದಿಲ್ಲ. ನಿದಿಯಾ ಒವೆಲಾರ್ ಎದ್ದಿದ್ದಾರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಬಿಸಿ ಮಾಟೆ ಕಷಾಯ, ನಿನ್ನೆಯ ಚಿಪಾ ರೊಟ್ಟಿ. ಕಪ್ಪು ಪರದೆಯಲ್ಲಿ ಅವರು ಒಂದೇ ಪದ ಟೈಪ್ ಮಾಡುತ್ತಾರೆ: ಕೊರಾಲ್. ಅಂದರೆ ದೊಡ್ಡಿ. ಹೆಸರುಗಳ ಪಟ್ಟಿ ಇಳಿಯುತ್ತದೆ. ಅದರಲ್ಲಿ ಸತ್ತವನೊಬ್ಬನ ಹೆಸರೂ ಇದೆ.

"ಐದು ಹತ್ತಕ್ಕೆ ಬರ್ತಾನೆ. ತಿನ್ನಿ, ಟೈಮಿದೆ," ಎನ್ನುತ್ತಾರೆ. ತಿನ್ನುವುದೆಲ್ಲಿಂದ ಬಂತು, ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ಚಿಪಾ ಕೈಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಿದ್ದೇನೆ.

ಹಗಲು ಶಾಲೆಯೊಂದರ ಕಂಪ್ಯೂಟರ್ ರಿಪೇರಿ ಮಾಡುವ ಐವತ್ತೆರಡರ ಈ ಹೆಂಗಸನ್ನು ಬೀದಿಯಲ್ಲಿ ಯಾರೂ ಗುರುತಿಸುವುದಿಲ್ಲ. ಆದರೆ ಇವರ ಕೊರಾಲ್ ಎಂಬ ತಂತ್ರಾಂಶವನ್ನು ದಿನಾ ನಲವತ್ತು ಸಾವಿರ ಪ್ರೋಗ್ರಾಮರುಗಳು ಬಳಸುತ್ತಾರೆ. ಆಫೀಸಿನ ಕೋಡ್ ಒಂದು ದೊಡ್ಡಿಗೆ, ಸ್ವಂತದ್ದು ಇನ್ನೊಂದಕ್ಕೆ. ಯಾವ ದೊಡ್ಡಿಯಲ್ಲಿ ಕೂತು ಕೆಲಸ ಮಾಡುತ್ತೀರೋ ಆ ದೊಡ್ಡಿಯ ಹೆಸರು ಕೆಲಸದ ಮೇಲೆ ಬೀಳುತ್ತದೆ. ದಿನಕ್ಕೆ ಮೂವತ್ತು ದೂರುಗಳಿಗೆ ಉತ್ತರ ಬರೆಯುವುದು ನಿದಿಯಾ. ಕೊರಾಲ್ ಮಾಡಿದವರ ಪಟ್ಟಿಯಲ್ಲಿ ಇರುವುದು ಮಾತ್ರ ಒಂದೇ ಹೆಸರು: ಇಸಿದ್ರೋ ಕಾಞೆತೆ. ಮೂರು ವರ್ಷದ ಹಿಂದೆ ಎದೆ ಹಿಡಿದು ಸತ್ತ ಗೆಳೆಯ.

"ಅವನು ಮಾತಾಡ್ತಿದ್ದ, ನಾನು ಕೋಡ್ ಬರೀತಿದ್ದೆ. ನಿನ್ನ ಹೆಸರು ನಾಳೆ ಹಾಕ್ತೀನಿ ಅಂತಿದ್ದ. ಅವನ ನಾಳೆ ನಿಮಗೆ ಗೊತ್ತಿಲ್ಲ ಬಿಡಿ."

ಅವನು ಸತ್ತ ಮೇಲೆ ನಿದಿಯಾ ಅವನ ದೊಡ್ಡಿಯನ್ನು ಹಾಗೇ ತಮ್ಮ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ಕೆಲಸಕ್ಕೆ ಕೂತರು. ಕೊರಾಲ್ ತನ್ನ ಧರ್ಮ ಪಾಲಿಸಿತು. ಮೂರು ವರ್ಷದ ಇವರ ದುಡಿಮೆಯೆಲ್ಲ ಸತ್ತವನ ಹೆಸರಲ್ಲಿ ಹೊರಗೆ ಹೋಯಿತು, ಥ್ಯಾಂಕ್ಸ್ ಪತ್ರಗಳೂ ಅವನಿಗೇ ಬಂದವು. "ಬೇರೆಯವ್ರು ಹೀಗೆ ಮಾಡಿದ್ರೆ ಕತ್ತೆ ಅಂತ ಬೈತಿದ್ದೆ!"

ಕಳೆದ ತಿಂಗಳು ತಪ್ಪು ಗೊತ್ತಾಗಿ ತಮ್ಮದೇ ದೊಡ್ಡಿಗೆ ಬಂದರು. ಇಸಿದ್ರೋನದು ಖಾಲಿ. ಅವನ ಕಂಪ್ಯೂಟರ್ ಹೆಂಡತಿ ಪೆರ್ಲಾಳ ಮನೆಯಲ್ಲಿ, ಬಟ್ಟೆ ಸುತ್ತಿ, ವೈರು ಕಿತ್ತು ಇಟ್ಟಿದೆ. ಆದರೂ ದಿನಾ ಐದು ಹತ್ತಕ್ಕೆ ಅವನ ದೊಡ್ಡಿಯಿಂದ, ಅವನ ಹೆಸರಲ್ಲಿ, ಕೊರಾಲಿನ ಕೋಡಿಗೆ ಒಂದು ಸಾಲಿನ ರಿಪೇರಿ ಬಂದು ಬೀಳುತ್ತಿದೆ. ಒಂದೂ ತಪ್ಪಿಲ್ಲ.

"ಕಳ್ಳ ಆಗಿದ್ರೆ ತಪ್ಪು ಮಾಡ್ತಿದ್ದ. ಅದೇ ನಂಗೆ ಭಯ." ಆದರೂ ಕಳ್ಳನೇ ಇದ್ದರೆ? ಯಾರೋ ಆ ದೊಡ್ಡಿಯಲ್ಲಿದ್ದ ಅವನ ಗುಟ್ಟಿನ ಕೀಲಿ, ಅಂದರೆ ಪಾಸ್‌ವರ್ಡ್, ಕದ್ದಿದ್ದರೆ ನಲವತ್ತು ಸಾವಿರ ಜನರ ಹೆಸರು ಆ ಕಳ್ಳನ ಕೈಗೆ ಸಿಕ್ಕಂತೆ. ಹಾಗಾಗಿ ಇವತ್ತು ಆ ದೊಡ್ಡಿಯನ್ನೇ ಅಳಿಸಬೇಕೆಂದು ತೀರ್ಮಾನಿಸಿದ್ದಾರೆ.

ಫೋನಿನಲ್ಲಿ ಪೆರ್ಲಾ. "ಅಳಿಸ್ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ. ಬದುಕಿದ್ದಾಗ ಒಂದಿನ ಹೇಳಿದ ಟೈಮಿಗೆ ಮನೆಗೆ ಬರ್ಲಿಲ್ಲ. ಈಗಲಾದ್ರೂ ಬರ್ತಿದ್ದಾನೆ."

ನಿದಿಯಾ ಫೋನನ್ನು ಮೇಜಿನ ಮೇಲಿಡುತ್ತಾರೆ. ಅಳಿಸುವ ಆಜ್ಞೆ ಟೈಪ್ ಮಾಡಿ, ಎಂಟರ್ ಒತ್ತದೆ ಕಾಯುತ್ತಾರೆ.

ಐದು ಹತ್ತು. ಸಾಲು ಬರುತ್ತದೆ. ಇವತ್ತು ರಿಪೇರಿಯಲ್ಲ. ಮಾಡಿದವರ ಪಟ್ಟಿಗೆ ಒಂದು ಹೆಸರು ಸೇರಿದೆ. ನಿದಿಯಾ ಒವೆಲಾರ್. ಇಸಿದ್ರೋನ ಹೆಸರಿಗಿಂತ ಮೇಲೆ.

ಅವರು ಎರಡು ಸಲ ಓದುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ.

"ಅಂತೂ ನಿನ್ನ ನಾಳೆ ಬಂತಲ್ಲೋ ಪುಣ್ಯಾತ್ಮ," ಎಂದು ಪರದೆಗೇ ಹೇಳುತ್ತಾರೆ. "ಸಾಕು, ಇನ್ನು ಮಲಗು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಎಂಟರ್ ಒತ್ತುತ್ತಾರೆ. ಪಟ್ಟಿಯಲ್ಲಿ ಒಂದು ದೊಡ್ಡಿ ಕಡಿಮೆಯಾಗುತ್ತದೆ. ಫೋನಿನಲ್ಲಿ ಪೆರ್ಲಾ ಅಳುತ್ತಿರುವುದು ಕೇಳಿಸುತ್ತದೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ, ಕೇಳಬೇಕಲ್ಲ.

"ನನ್ನ ಹೆಸರು ಅವನ ಕೆಳಗಿದ್ರೂ ಸಾಕಿತ್ತು," ಎನ್ನುತ್ತಾರೆ ನಿದಿಯಾ.