ತಾತ ಬರುವವರೆಗೆ ಕಾಯದ ಸಿನಿಮಾ

ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿಯ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಪರಶುರಾಂಪುರದ ಹತ್ತಿರ ನಮಗಿದ್ದ ಮಣ್ಣಿನ ಮಾಳಿಗೆ ಮನೆ ಇಡಿಯಾಗಿ ಎದುರು ಬಂದು ನಿಲ್ಲುತ್ತದೆ. ಪಡಸಾಲೆಯಲ್ಲಿ ಅಜ್ಜಿಯ ಗಂಜಿ ಮಡಕೆ, ಹಿತ್ತಿಲಲ್ಲಿ ಕುರಿಹಟ್ಟಿ, ಬಾಗಿಲ ಪಕ್ಕದ ಗೂಟದಲ್ಲಿ ತಾತನ ಕರಿಕಂಬಳಿ. ಮೊನ್ನೆ ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಮಾರುವವನ ಮುಂದೆ ನಿಂತಾಗ ಅದೇ ವಾಸನೆ ಬಂತು. ಜೊತೆಗೆ ಸಿಟ್ಟೂ ಬಂತು. ಅದೇ ವಾರ ಪತ್ರಿಕೆಯೊಂದರಲ್ಲಿ ಯಾರೋ ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿದ ಹಳೆಯ ಚಿತ್ರಗಳ ಬಗ್ಗೆ ನಗೆಯಾಡುತ್ತ ಬರೆದಿದ್ದರು. ಅದರಲ್ಲಿ ನಮ್ಮ ಸಿನಿಮಾವೂ ಇತ್ತು. ನೋಡುವವರೇ ಇರಲಿಲ್ಲವಂತೆ! ನೋಡುವವರು ಇದ್ದರು ಸ್ವಾಮಿ, ಅವರನ್ನು ಕೇಳಿದವರು ಯಾರು?

ತೊಂಬತ್ತರ ದಶಕದ ಕೊನೆಯಲ್ಲಿ, ಮಳೆಗಾಲದ ಒಂದು ತಿಂಗಳು, ಮೊಳಕಾಲ್ಮೂರು ಕಡೆಯ ಕಲ್ಲುಗುಡ್ಡಗಳಲ್ಲಿ ಆ ಚಿತ್ರ ತೆಗೆದರು. ಕೋಟೆ ಕಳೆದುಕೊಂಡ ರಾಜಕುಮಾರ ಕಾಡುಮೇಡು ಅಲೆದು ಅದನ್ನು ಮತ್ತೆ ಗೆಲ್ಲುವ ಕಥೆ. ಕುರಿಮಂದೆಗಳು ಆಗ ಊರಲ್ಲೇ ಇದ್ದವು, ಗಂಡಸರೂ ಇದ್ದರು. ಲಾರಿ ಕಳಿಸಿ ಎಲ್ಲರನ್ನೂ ಕರೆದೊಯ್ದು ಕೈಗೆ ಈಟಿ ಕೊಟ್ಟು ಸೈನಿಕರನ್ನಾಗಿ ಮಾಡಿದರು. ನಮ್ಮಪ್ಪ ಒಂದೇ ದಿನ ಎರಡೂ ಕಡೆಯ ಸೈನ್ಯದಲ್ಲಿ ಸತ್ತು ಬಂದ. ತಾತನಿಗೆ ಮಾತ್ರ ಮಾತಿನ ಪಾತ್ರ ಸಿಕ್ಕಿತು. ದಾರಿ ತಪ್ಪಿದ ರಾಜಕುಮಾರನಿಗೆ ಗುಡ್ಡದ ಕಳ್ಳದಾರಿ ತೋರಿಸುವ ಮುದಿ ಕುರುಬ ಅವನು. "ಆ ಬಂಡೆ ಹಿಂದೆ ದಾರಿ ಐತೆ ದೊರೆ, ನನ್ನ ಕುರಿ ಹಿಂದೆ ಬಾ." ಈ ಮಾತನ್ನು ತಾತ ಮನೆಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಡುಗೆಮನೆಯಿಂದ ಮುಗಿಸುತ್ತಿದ್ದಳು.

ಸುಗ್ಗಿ ಮುಗಿದದ್ದೇ ತಾತ, ಅಪ್ಪ, ಊರಿನ ಕುರುಬರೆಲ್ಲ ಮಂದೆ ಹೊಡೆದುಕೊಂಡು ನೀರಾವರಿ ಸೀಮೆಯ ಕಡೆ ಹೊರಟರು. ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿಗೊಂದು ಹೊಲದಂತೆ ಕುರಿ ತರುಬಿ, ಮುಂಗಾರು ಬಿದ್ದ ಮೇಲೇ ತಿರುಗಿ ಬರುವುದು ವಾಡಿಕೆ. ಅವರು ಇಂಥ ಕಡೆ ಇದ್ದಾರೆಂದು ಹೇಳುವುದು ಯಾರಿಂದಲೂ ಆಗದು. ಸಿನಿಮಾದವರು ಹುಡುಕಿ ಹುಡುಕಿ ಅದೇ ಕಡುಬೇಸಿಗೆಯಲ್ಲಿ ಚಿತ್ರ ಬಿಟ್ಟರು. ಚಳ್ಳಕೆರೆ ಟಾಕೀಸಿಗೆ ಬಂದಿದೆ ಎಂದು ಬಸ್ಸಿನವರು ಸುದ್ದಿ ತಂದಾಗ ನಾನು ಕುಣಿದಾಡಿಬಿಟ್ಟೆ. ಅಜ್ಜಿ ಗಂಜಿ ತಿರುವುತ್ತ ತಲೆ ಕೂಡ ಎತ್ತಲಿಲ್ಲ.

"ಹೊಸ ಶೇಂಗಾ ಕಿತ್ರೂ ನಿಮ್ಮ ತಾತ ಬಾಯಿಗಿಡದೆ ನಾವು ಮುಟ್ಟಲ್ಲ. ಇದನ್ನ ಅವನಿಗಿಂತ ಮೊದ್ಲು ಹೆಂಗೆ ನೋಡ್ತೀಯ ಕೂಸೇ? ಬರ್ಲಿ, ಎಲ್ರೂ ಒಟ್ಟಿಗೆ ಹೋಗಾನ."

ಅವ್ವನೂ ಅದನ್ನೇ ಹೇಳಿದಳು. ನಮ್ಮ ಮನೆಯೊಂದೇ ಅಲ್ಲ, ಸೈನಿಕರ ಮನೆಗಳೆಲ್ಲ ಹೀಗೇ ಕಾದವು. ಹಬ್ಬದ ಸೀರೆ ಮಡಚಿಟ್ಟುಕೊಂಡು ಕಾದವು. ನಾವು ಮರ್ಯಾದೆಯಿಂದ ಕಾಯುತ್ತಿದ್ದುದು ಟಾಕೀಸಿನವರ ಕಣ್ಣಿಗೆ ಖಾಲಿ ಬೆಂಚಾಗಿ ಕಂಡಿರಬೇಕು.

ಮುಂಗಾರು ಬಿದ್ದು ಮಂದೆ ಬಂತು. ಮಾರನೆಯ ಬೆಳಿಗ್ಗೆಯೇ ತಾತ ಕಂಬಳಿ ಹೆಗಲಿಗೆ ಹಾಕಿಕೊಂಡ. ನಾವೆಲ್ಲ ಬಸ್ಸು ಹತ್ತಿದೆವು. ಟಾಕೀಸಿನ ಗೋಡೆಯ ಮೇಲೆ ಬೇರೆ ಯಾವುದೋ ಪೋಸ್ಟರು. ಅದರ ಹರಿದ ಅಂಚಿನಲ್ಲಿ ನಮ್ಮ ರಾಜಕುಮಾರನ ಕುದುರೆಯ ಎರಡು ಕಾಲು ಮಾತ್ರ ಉಳಿದಿದ್ದವು.

"ಅದಾ? ತೋಪಾಯ್ತು ತಾತ. ಒಂದು ವಾರನೂ ಓಡ್ಲಿಲ್ಲ, ಡಬ್ಬ ವಾಪಸ್ ಹೋತು" ಎಂದ ಗೇಟಿನವನು.

"ನಾವು ಬಂದಿರ್ಲಿಲ್ವಲ್ಲೋ" ಎಂದ ತಾತ. "ನಾವು ಬರಾದ್ರೊಳಗೆ ಓಡ್ಲಿಲ್ಲ ಅಂತ ಹೆಂಗೆ ಹೇಳಿದ್ರಿ?"

ಗೇಟಿನವನು ನಕ್ಕ. ಆ ನಗುವಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬೆವರಿಗೆ ಕರೆದಾಗ ಬೇಕಾದ ಜನ, ತೀರ್ಪು ಹೇಳುವಾಗ ಲೆಕ್ಕಕ್ಕೇ ಇಲ್ಲ. ಬೆಂಗಳೂರಿನಲ್ಲಿ ಕೂತು ಒಂದೇ ವಾರದಲ್ಲಿ ಸೋಲಿನ ಮೊಹರು ಒತ್ತಿದವರಿಗೆ ಕುರಿ ಕಾಲ್ನಡಿಗೆಯಲ್ಲಿ ಬರುತ್ತದೆಂದು ಗೊತ್ತಿರಲಿಲ್ಲವೇ? ತಾತ ಜಗಳವಾಡಲಿಲ್ಲ. ಅಂದಿನಿಂದ ಸಿನಿಮಾದ ಆ ಬಂಡೆಯ ಮಾತನ್ನು ಮನೆಯಲ್ಲಿ ಒಮ್ಮೆಯೂ ಹೇಳಲಿಲ್ಲ, ಅಷ್ಟೆ. ಮೂರು ವರ್ಷಕ್ಕೆ ತೀರಿಕೊಂಡ. ಕುರಿ ಮಾರಿದೆವು, ಹಟ್ಟಿ ಬಿತ್ತು, ಮಾಳಿಗೆ ಸೋರಿ ಸೋರಿ ಆ ಮನೆಯನ್ನೂ ಬಿಟ್ಟೆವು.

ಎಷ್ಟೋ ವರ್ಷದ ಮೇಲೆ, ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಚಿತ್ರ ಬಂತು. ಅಜ್ಜಿಗೆ ಆಗ ಕಣ್ಣು ಪೂರಾ ಹೋಗಿತ್ತು. ಅವಳನ್ನು ಟಿವಿಯ ಮುಂದೆ ಕೂರಿಸಿದೆ. ಪಕ್ಕದಲ್ಲಿ ತಾತನ ಕಂಬಳಿ ಹಾಸಲು ಹೇಳಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಳು. "ನಾನು ಮಾತು ಕೇಳಿಸ್ಕಂತೀನಿ ಬಿಡು, ಅಷ್ಟು ಸಾಕು" ಎಂದಳು. ಬಂಡೆ ಬಂತು, ಕುರಿ ಬಂದವು, ಕಂಬಳಿ ಹೊದ್ದ ತಾತ ಬಂದ. ತಾತ ಬಾಯಿ ತೆರೆದ. ಯಾವನೋ ನಾಟಕದವನ ಗಡಸು ದನಿ "ಅಪ್ಪಣೆ, ಮಹಾಪ್ರಭು!" ಎಂದಿತು. ಅಷ್ಟೇ. ತುಟಿ ಆಡುತ್ತಲೇ ಇತ್ತು, ಮಾತಿರಲಿಲ್ಲ. ತಾತ ಕುರಿಗಳ ಹಿಂದೆ ಬಂಡೆಯ ಮರೆಗೆ ಹೋಗಿಬಿಟ್ಟ.

ಅಜ್ಜಿ ನನ್ನ ಮೊಣಕೈ ಹಿಡಿದು, "ಇನ್ನೂ ಎಷ್ಟೊತ್ತೇ ನಿಮ್ಮ ತಾತ ಬರಾದು?" ಎಂದಳು.

"ಬರ್ತಾನೆ ಅಜ್ಜಿ" ಎಂದೆ. ಅವಳು ಕೊನೆಯವರೆಗೂ ಕಾದಳು.